ನಮ್ಮೂರಿನ ಕಾಗದ, ಪರವೂರಿನ ಕಪಾಟು

ಹರಪನಹಳ್ಳಿ ಸೀಮೆಯ ಇನ್ನೂರು ವರ್ಷದ ಹಿಂದಿನ ಕಾಗದಪತ್ರ ನೋಡಬೇಕೆಂದರೆ ಹರಪನಹಳ್ಳಿಗೆ ಹೋಗಿ ಪ್ರಯೋಜನವಿಲ್ಲ. ಬೆಂಗಳೂರಿಗೆ ಹೋದರೂ ಅರ್ಧ ಕೆಲಸವಷ್ಟೇ ಆದೀತು. ಚೆನ್ನೈಗೆ ಬರಬೇಕು. ಮಂಗಳೂರಿನವರಿಗೂ ಇದೇ ಮಾತು, ಕೊಳ್ಳೇಗಾಲದವರಿಗೂ ಇದೇ ಮಾತು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಊರುಗಳು ರಾಜ್ಯ ಬದಲಿಸಿದವು, ಮೇಲಿನ ಕಚೇರಿಯ ದಫ್ತರಗಳು ಬಹುಪಾಲು ಇದ್ದಲ್ಲೇ ಉಳಿದವು. ನಮ್ಮ ಹರಪನಹಳ್ಳಿಯ ಕಥೆ ಕೇಳಿದರೆ ನಗು ಬರುತ್ತದೆ. ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅದರ ಹಳೆಯ ಕಾಗದ ಮಾತ್ರ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಕೂತು ಇದನ್ನೆಲ್ಲ ನೋಡುತ್ತಿದೆ.

ಈ ಅಂಕಣ ಓದುವ ಬೇರೆ ಊರುಗಳ ಕನ್ನಡಿಗರೂ ಸ್ವಲ್ಪ ಲೆಕ್ಕ ಹಾಕಿ ನೋಡಿ. ಧಾರವಾಡ, ಬೆಳಗಾವಿ, ವಿಜಯಪುರದ ಬ್ರಿಟಿಷರ ಕಾಲದ ಪತ್ರವ್ಯವಹಾರ ಮುಂಬೈಯ ಮಹಾರಾಷ್ಟ್ರ ಪತ್ರಾಗಾರದಲ್ಲಿದೆ. ಅದಕ್ಕೂ ಹಿಂದಿನದು, ಅಂದರೆ ಪೇಶ್ವೆಯವರ ಕಾಲದ್ದು, ಪುಣೆಯ ಪೇಶ್ವೆ ದಫ್ತರದಲ್ಲಿ ಮೋಡಿ ಲಿಪಿಯಲ್ಲಿದೆ. ಅದರಿಂದ ಆಯ್ದು ಗೋವಿಂದ ಸಖಾರಾಮ ಸರದೇಸಾಯಿಯವರು 1930ರ ದಶಕದಲ್ಲಿ ಹೊರತಂದದ್ದೇ 45 ಸಂಪುಟ. ಬೀದರ, ಕಲಬುರಗಿ, ರಾಯಚೂರಿನವರು ಹೈದರಾಬಾದಿನ ತಾರ್ನಾಕಕ್ಕೆ ಹೋಗಬೇಕು, ಫಾರಸಿ ಮತ್ತು ಉರ್ದು ಬಲ್ಲವರನ್ನು ಜೊತೆಗೆ ಕರೆದುಕೊಂಡು. ಮೈಸೂರನ್ನು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು ಆಳಿದರಲ್ಲ, ಆ ಐವತ್ತು ವರ್ಷದಲ್ಲಿ ಕೇಂದ್ರ ಸರ್ಕಾರದೊಂದಿಗೆ ನಡೆದ ಪತ್ರವ್ಯವಹಾರ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಸಿಗುತ್ತದೆ. ಕಾರವಾರದವರಿಗೆ ಒಂದು ಕಿವಿಮಾತು: ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ. ಅದಕ್ಕಿಂತ ಹಿಂದಿನದನ್ನು ಮುಂಬೈಯಲ್ಲಿ ಹುಡುಕುವ ಮೊದಲು ನಮ್ಮ ಚೆನ್ನೈಗೆ ಬನ್ನಿ.

ಹೊಟ್ಟೆಪಾಡಿಗೆ ನಾವು ಯಾವ ಊರು ಸೇರಿದ್ದೇವೋ ಆ ಊರಿಗೆ ನಮಗಿಂತ ಮೊದಲೇ ನಮ್ಮೂರಿನ ಕಾಗದ ಬಂದು ಕೂತಿದೆ. ಓದುವವರು ಮಾತ್ರ ಬಂದಿಲ್ಲ.

ಚೆನ್ನೈಯ ವಿಚಾರ ನನಗೆ ಹೆಚ್ಚು ಗೊತ್ತು, ಅದನ್ನೇ ಹೇಳುತ್ತೇನೆ. ಇಲ್ಲಿ ಪತ್ರಾಗಾರವಲ್ಲದೆ ಇನ್ನೊಂದು ಖಜಾನೆ ಇದೆ, ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯ. ಮೊದಲು ಮದ್ರಾಸ್ ವಿಶ್ವವಿದ್ಯಾಲಯದ ಆವರಣದಲ್ಲಿತ್ತು, ಈಗ ಕೋಟ್ಟೂರುಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯದ ಕಟ್ಟಡದಲ್ಲಿದೆ. ಅದರ ತಳಪಾಯದ ಕಲ್ಲುಗಳಲ್ಲಿ ದೊಡ್ಡದು ಕರ್ನಲ್ ಕಾಲಿನ್ ಮೆಕೆಂಜಿಯ ಸಂಗ್ರಹ.

ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು, ಹುಟ್ಟಿದ್ದು 1754ರಲ್ಲಿ. ಊರಲ್ಲಿ ಸುಂಕದ ಕಚೇರಿಯ ಕೆಲಸದಲ್ಲಿದ್ದವನು 1783ರಲ್ಲಿ ಮದ್ರಾಸಿಗೆ ಬಂದು ಕಂಪನಿಯ ಸೈನ್ಯ ಸೇರಿದ. ಲಾಗರಿದಮ್ ಕಂಡುಹಿಡಿದ ನೇಪಿಯರನ ಜೀವನಚರಿತ್ರೆ ಬರೆಯಲು ಹೊರಟಿದ್ದ ಅವನ ವಂಶಸ್ಥನೊಬ್ಬ ಹಿಂದೂಗಳ ಗಣಿತದ ಬಗ್ಗೆ ವಿವರ ಬೇಕೆಂದು ಇವನನ್ನು ಕೇಳಿದ್ದನಂತೆ. ಹಾಗೆ ಹತ್ತಿದ ಗೀಳು. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಇವನ ಪಾಲಿಗೆ ಬಂತು. ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ನಮ್ಮ ಬಳ್ಳಾರಿ ಕಡೆಯ ಸೀಮೆಯ ಸರದಿ ಆಮೇಲೆ. ಅಳತೆ ಸರಪಳಿಯ ಹಿಂದೆಯೇ ಇವನ ಜನ ಊರೂರಿಗೂ ಹೋಗಿ ಶಾನುಭೋಗರನ್ನು, ಗೌಡರನ್ನು, ಮಠದವರನ್ನು, ಬಸದಿಯವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಂಡರು: ಊರು ಕಟ್ಟಿದವರು ಯಾರು, ಆಳಿದವರು ಯಾರು, ಕೆರೆ ಯಾರು ಕಟ್ಟಿಸಿದ್ದು, ಯಾವ ದೇವರಿಗೆ ಎಷ್ಟು ಇನಾಮು, ಶಾಸನ ಎಲ್ಲಿದೆ. ಹೀಗೆ ಬರೆದುಕೊಂಡ ಸ್ಥಳದ ಹೇಳಿಕೆಗಳೇ ಕೈಫಿಯತ್ತುಗಳು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಮೆಕೆಂಜಿಗೆ ನಮ್ಮ ಯಾವ ಭಾಷೆಯೂ ಬರುತ್ತಿರಲಿಲ್ಲ. ಅದನ್ನು ಅವನೇ ಒಪ್ಪಿಕೊಂಡಿದ್ದಾನೆ. ಕೆಲಸ ಮಾಡಿದವರು ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮಂದಿರಾದ ಲಕ್ಷ್ಮಯ್ಯ, ರಾಮಸ್ವಾಮಿ, ಮತ್ತು ಈಗಿನ ಚಾಮರಾಜನಗರದ ಕಡೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಹಳಗನ್ನಡದ ಶಾಸನಗಳನ್ನು ಓದಿ ಬಿಡಿಸುವಷ್ಟು ಪಳಗಿದ ಬೋರಯ್ಯ 1803ರಲ್ಲೇ ತೀರಿಕೊಂಡ. ಅವನಿಗಿನ್ನೂ ಮೂವತ್ತೂ ತುಂಬಿರಲಿಲ್ಲ.

1821ರಲ್ಲಿ ಮೆಕೆಂಜಿ ಸತ್ತ. ಅಷ್ಟರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಆಗಿ ಕಲ್ಕತ್ತೆಯಲ್ಲಿದ್ದ. ಸಂಗ್ರಹವನ್ನು ಕಂಪನಿ ಅವನ ಹೆಂಡತಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. 1828ರಲ್ಲಿ ಹೋರೇಸ್ ವಿಲ್ಸನ್ ಅದರ ಪಟ್ಟಿ ಅಚ್ಚು ಹಾಕಿಸಿದ: 1,568 ಗ್ರಂಥಗಳ ಹಸ್ತಪ್ರತಿ, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಗಳ ನಕಲು, 2,159 ಅನುವಾದ, 6,218 ನಾಣ್ಯ, ಇನ್ನೂ ಚಿತ್ರ, ನಕ್ಷೆ, ವಿಗ್ರಹ. ವೃತ್ತಿಯಿಂದ ನಾನು ಆಡಿಟರ್. ಇಂಥ ಪಟ್ಟಿ ನೋಡಿದರೆ ಮೊದಲು ಕೇಳುವ ಪ್ರಶ್ನೆ, ಎಣಿಸಿದವನು ಡಬ್ಬಿ ತೆರೆದು ನೋಡಿದ್ದನೇ? ವಿಲ್ಸನ್ ದೊಡ್ಡ ಸಂಸ್ಕೃತ ವಿದ್ವಾಂಸ, ಅನುಮಾನವಿಲ್ಲ. ಆದರೆ ದಕ್ಷಿಣದ ಭಾಷೆಗಳು ಅವನಿಗೆ ಬರುತ್ತಿರಲಿಲ್ಲ. ಮೆಕೆಂಜಿಯ ಪಂಡಿತರು ಬರೆದುಕೊಟ್ಟ ಸಾರಾಂಶಗಳ ಮೇಲೆಯೇ ಪಟ್ಟಿ ಮಾಡಿದ. ಸಂಗ್ರಹಿಸಿದವನಿಗೂ ಓದಲು ಬರುತ್ತಿರಲಿಲ್ಲ, ಪಟ್ಟಿ ಮಾಡಿದವನಿಗೂ ಬರುತ್ತಿರಲಿಲ್ಲ.

ಓದಲು ಬರುತ್ತಿದ್ದವನು ಒಬ್ಬ ಉಳಿದಿದ್ದ, ಲಕ್ಷ್ಮಯ್ಯ. ಯಾವ ಕಟ್ಟು ಯಾವ ಊರಿನದು, ಯಾರ ಮನೆಯಲ್ಲಿ ಬರೆಸಿದ್ದು ಎಂಬುದೆಲ್ಲ ಬಾಯಲ್ಲಿದ್ದ ಮನುಷ್ಯ. ದಕ್ಷಿಣದ ಭಾಷೆಗಳ ಭಾಗ ಮದ್ರಾಸಿಗೆ ವಾಪಸು ಬಂದ ಮೇಲೆ ಕೆಲಸವನ್ನು ಮುಂದುವರಿಸುತ್ತೇನೆಂದು 1830ರ ದಶಕದಲ್ಲಿ ಅವನೇ ಕೇಳಿಕೊಂಡ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಅಭಿಪ್ರಾಯ ಪಡೆಯಲಾಯಿತು. ಇಂಥ ವಿಮರ್ಶೆಯ ಕೆಲಸ ದೇಶೀಯನೊಬ್ಬನಿಂದ ಆಗುವಂಥದ್ದಲ್ಲ ಎಂಬ ಉತ್ತರ ಬಂತು. ಕೆಲಸ ವಿಲಿಯಂ ಟೈಲರ್ ಎಂಬ ಪಾದ್ರಿಗೆ ಹೋಯಿತು. ಅವನ ಪಟ್ಟಿ 1857ರಿಂದ 1862ರವರೆಗೆ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಲಕ್ಷ್ಮಯ್ಯನ ತಲೆಯಲ್ಲಿದ್ದ ಪಟ್ಟಿ ಅವನ ಜೊತೆಗೇ ಹೋಯಿತು. ನನ್ನ ಮಟ್ಟಿಗೆ ಈ ಸಂಗ್ರಹಕ್ಕೆ ಗೆದ್ದಲಿಗಿಂತ ದೊಡ್ಡ ನಷ್ಟ ಮಾಡಿದ್ದು ಆ ಒಂದು ಉತ್ತರ.

ಆದ್ದರಿಂದಲೇ ಹಳೆಯ ಪಟ್ಟಿಗಳನ್ನು ಪೂರ್ತಿ ನಂಬಿ ಕೂರಬಾರದು. ಒಂದು ಓಲೆಗರಿ ಕಟ್ಟಿನಲ್ಲಿ ಮೂರು ನಾಲ್ಕು ಕೃತಿಗಳಿರುವುದು ಸಾಮಾನ್ಯ. ಪಟ್ಟಿಯಲ್ಲಿ ಮೊದಲನೆಯದರ ಹೆಸರಷ್ಟೇ ಇದ್ದರೆ ಉಳಿದವು ಇದ್ದೂ ಇಲ್ಲದಂತೆ. ಲಿಪಿ ಒಂದು, ಭಾಷೆ ಇನ್ನೊಂದು ಆಗಿರುವುದೂ ಉಂಟು. ಇದೆಲ್ಲಕ್ಕಿಂತ ಮಜದ ಸಂಗತಿ ಊರಿನ ಹೆಸರುಗಳದ್ದು. ಇಂಗ್ಲಿಷ್ ಕಡತಗಳಲ್ಲಿ ಚಿತ್ರದುರ್ಗ ಎಂದರೆ 'ಚಿಟ್ಟಲ್‌ಡ್ರೂಗ್'. ಬಿದನೂರು 'ಬೆಡ್ನೋರ್', ಹೊನ್ನಾವರ 'ಓನೋರ್', ಸೋಂದೆ 'ಸೂಂಡಾ', ಆನೆಗೊಂದಿ 'ಅನಾಗೂಂಡಿ'. ನಮ್ಮ ಹರಪನಹಳ್ಳಿ 'ಹರ್ಪೊನೆಲ್ಲಿ' ಆಗಿ ಕೂತಿದೆ. ಕಂಪ್ಯೂಟರಿನ ಹುಡುಕುಪಟ್ಟಿಗೆ ಈಗಿನ ಕಾಗುಣಿತ ಕೊಟ್ಟರೆ ಏನೂ ಇಲ್ಲ ಎನ್ನುತ್ತದೆ. ಕಾಗದ ಇರುತ್ತದೆ, ಅದರ ಹೆಸರು ಮಾತ್ರ ಬೇರೆ. ಚಿಗಟೇರಿ, ನೀಲಗುಂದ, ಹಲುವಾಗಲು ಎಂಬ ಹೆಸರುಗಳನ್ನು ಹುಟ್ಟಿದಾಗಿನಿಂದ ಕೇಳಿದ ಕಿವಿಗೆ ಅವುಗಳ ಕುಲಗೆಟ್ಟ ರೂಪವೂ ಗುರುತು ಹತ್ತುತ್ತದೆ. ದೊಡ್ಡ ಪದವಿ ಪಡೆದ ಸಂಶೋಧಕನಿಗೆ ಇಲ್ಲದ ಅನುಕೂಲ ಇದು.

ಮುಂದಿನ ಅಡ್ಡಿ ಅಕ್ಷರದ್ದು. ನನ್ನ ಅಜ್ಜ ಶಾನುಭೋಗರಾಗಿದ್ದರು. ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಬಂತು, ಅವರ ದಫ್ತರ ಹೋಯಿತು, ಮನೆಯಲ್ಲಿ ಒಂದು ಟ್ರಂಕು ಉಳಿಯಿತು. ಅದರೊಳಗಿನ ಬರವಣಿಗೆ ನಾವು ಶಾಲೆಯಲ್ಲಿ ಕಲಿತ ಕನ್ನಡವಲ್ಲ. ಲೇಖನಿ ಎತ್ತದೆ ಸಾಲಿನ ಕೊನೆಯವರೆಗೂ ಓಡುವ ಅಕ್ಷರ, ತಲೆಕಟ್ಟು ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ, ಪದಪದದ ನಡುವೆ ಜಾಗವಿಲ್ಲ, ವಾಕ್ಯ ಮುಗಿದದ್ದಕ್ಕೆ ಗುರುತಿಲ್ಲ. ಅಪ್ಪ ಅದನ್ನು ಓದುತ್ತಾರೆ. ಅವರಿಗೆ ಈಗ 83. ಮನೆಯಲ್ಲಿ ಓದಬಲ್ಲವರು ಅವರೊಬ್ಬರೇ. ಕಳೆದ ಎರಡು ವರ್ಷದಿಂದ ಭಾನುವಾರ ಬೆಳಿಗ್ಗೆ ಫೋನಿನ ವಿಡಿಯೊದಲ್ಲಿ ನಮ್ಮ ಪಾಠ ನಡೆಯುತ್ತದೆ. ಟ್ರಂಕಿನ ಒಂದು ಕಾಗದದ ಫೋಟೊ ತಮ್ಮ ಕಳಿಸುತ್ತಾನೆ, ನಾನು ಇಲ್ಲಿ ಓದಬೇಕು, ಅಪ್ಪ ಅಲ್ಲಿ ತಿದ್ದಬೇಕು.

"ಅದು 'ಕರೆ' ಅಲ್ಲೋ, 'ಕೆರೆ'. ಎತ್ವ ಕಾಣಲ್ಲ, ಅರ್ಥದ ಮೇಲೆ ಹೋಗು. ಮುಂದೆ ತೂಬು ಅಂತ ಬಂದೈತಲ್ಲ."

ಅರ್ಥದ ಮೇಲೆ ಹೋಗಬೇಕಾದರೆ ಕೆರೆ, ತೂಬು, ಕೋಡಿ, ಗದ್ದೆ, ಬೆದ್ದಲು ಎಲ್ಲ ಗೊತ್ತಿರಬೇಕು. ಅಂಕಿಗಳಂತೂ ಬೇರೆಯದೇ ಲೋಕ. ದಶಮಾಂಶವಿಲ್ಲ. ಒಂದರ ಕಾಲು ಭಾಗ ಹಾಗ, ಹದಿನಾರನೇ ಒಂದು ಭಾಗ ವೀಸ, ಪ್ರತಿಯೊಂದಕ್ಕೂ ಒಂದೊಂದು ಗೀಟಿನ ಗುರುತು. ಮೂವತ್ತು ಸಾಲಿನ ಜಮಾಖರ್ಚನ್ನು ಹಾಗ ವೀಸದಲ್ಲೇ ಕೂಡಿ ಅಜ್ಜ ತೆಗೆದ ಮೊತ್ತವನ್ನು ನಾನು ಕಂಪ್ಯೂಟರಿನಲ್ಲಿ ಕೂಡಿ ನೋಡಿದೆ. ತಾಳೆಯಾಯಿತು. ನಮ್ಮ ಕಚೇರಿಯ ಎಷ್ಟೋ ಲೆಡ್ಜರುಗಳಿಗೆ ನಾನು ಈ ಮಾತು ಹೇಳಲಾರೆ.

ತಾರೀಖು ತಾಳೆ ನೋಡುವುದೂ ಆಡಿಟರನ ಕೆಲಸವೇ. ಹಳೆಯ ಕಾಗದ ಶಕವರ್ಷ ಮತ್ತು ಸಂವತ್ಸರ ಎರಡನ್ನೂ ಹೇಳಿದರೆ ಒಂದರ ಮೇಲೊಂದು ಇಟ್ಟು ಪರೀಕ್ಷಿಸಬಹುದು. ಶಕ 1721ಕ್ಕೆ 78 ಕೂಡಿಸಿದರೆ 1799, ಆ ವರ್ಷ ಸಿದ್ಧಾರ್ಥಿ ಸಂವತ್ಸರ. ಶ್ರೀರಂಗಪಟ್ಟಣ ಬಿದ್ದ ವರ್ಷ. ಬರೀ 'ಸಿದ್ಧಾರ್ಥಿ' ಎಂದಷ್ಟೇ ಇದ್ದರೆ ಅದು 1739 ಆಗಬಹುದು, 1859 ಆಗಬಹುದು. ಅರವತ್ತು ವರ್ಷದ ಚಕ್ರ ತಾನೇ. ಎರಡೂ ಇದ್ದು ಒಂದು ವರ್ಷದ ಹಿಂಚುಮುಂಚು ಬಂದರೆ ಚಿಂತೆಯಿಲ್ಲ, ಎಣಿಸುವ ಪದ್ಧತಿಯಲ್ಲೇ ಆ ವ್ಯತ್ಯಾಸವಿದೆ. ಹತ್ತು ಹನ್ನೆರಡು ವರ್ಷ ತಪ್ಪಿದರೆ ಬರೆದವನು ನೆನಪಿನಿಂದ ಬರೆದಿದ್ದಾನೆ ಅಥವಾ ಬೇಕೆಂದೇ ಹಿಂದಕ್ಕೆ ಹಾಕಿದ್ದಾನೆ ಎಂದು ಅನುಮಾನಿಸಬೇಕು. ಕಂದಾಯದ ಕಾಗದವಾದರೆ ಫಸಲಿ ಇರುತ್ತದೆ. ಮದ್ರಾಸ್ ಕಡೆ ಫಸಲಿಗೆ 590 ಕೂಡಿಸಿದರೆ ಇಸವಿ, ವರ್ಷ ಶುರುವಾಗುವುದು ಜುಲೈ 1ಕ್ಕೆ. ತಮಿಳುನಾಡಿನ ಕಂದಾಯ ಇಲಾಖೆ ಇವತ್ತಿಗೂ ಫಸಲಿ ಬಿಟ್ಟಿಲ್ಲ, ಹಾಗಾಗಿ ಇಲ್ಲಿಯ ತಾಲ್ಲೂಕು ಕಚೇರಿಯ ಯಾವ ಗುಮಾಸ್ತನೂ ನಿಮಗೆ ಈ ಲೆಕ್ಕ ಬಾಯಲ್ಲೇ ಹೇಳಿಕೊಡುತ್ತಾನೆ.

ಬೇಕೆಂದೇ ಹಿಂದಕ್ಕೆ ಹಾಕುವುದು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೈಫಿಯತ್ತನ್ನು ಊರಿನ ಪವಿತ್ರ ಇತಿಹಾಸವೆಂದು ತಲೆಮೇಲೆ ಹೊರುವವರನ್ನು ನೋಡಿದ್ದೇನೆ. ನಾನು ಹಾಗೆ ಓದಲಾರೆ. ಹೊಸದಾಗಿ ಆಳಲು ಬಂದ ಕಂಪನಿ ಯಾರ ಇನಾಮು ಉಳಿಸುತ್ತದೆ, ಯಾರದನ್ನು ಕಿತ್ತುಕೊಳ್ಳುತ್ತದೆ ಎಂದು ಊರೆಲ್ಲ ಆತಂಕದಲ್ಲಿದ್ದ ಕಾಲ ಅದು. ಸರ್ಕಾರದ ಕಡೆಯವನೊಬ್ಬ ಬಂದು ದೇವಸ್ಥಾನದ ಜಮೀನು ಯಾರು ಕೊಟ್ಟದ್ದು ಎಂದು ಕೇಳಿದರೆ, ವಿಜಯನಗರದ ಅರಸರೇ ಕೊಟ್ಟದ್ದು ಸ್ವಾಮಿ ಎನ್ನದೆ ಇನ್ನೇನೆಂದಾರು? ಕೈಫಿಯತ್ತು ಅರ್ಧ ಚರಿತ್ರೆ, ಅರ್ಧ ಅರ್ಜಿ. ಹಾಗೆಂದು ಅದರ ಬೆಲೆ ಕಡಿಮೆಯಾಗುವುದಿಲ್ಲ. ಆಳುವವರ ಮುಂದೆ ತಮ್ಮ ಊರನ್ನು ಹೇಗೆ ತೋರಿಸಿಕೊಳ್ಳಬೇಕು ಎಂದು ಜನ ಯೋಚಿಸಿದ್ದು ಅವರದೇ ಆಡುಮಾತಿಗೆ ಹತ್ತಿರದ ಕನ್ನಡದಲ್ಲಿ ಇನ್ನೆಲ್ಲಿ ಸಿಗುತ್ತದೆ? ರಾಜರ ಶಾಸನದಲ್ಲಂತೂ ಇಲ್ಲ. ಎಂ. ಎಂ. ಕಲಬುರ್ಗಿಯವರು ಇವನ್ನು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ತಂದ ಸಂಪುಟವೊಂದಿದೆ. ಮೊದಲ ಬಾರಿ ಈ ಕಡೆ ಬರುವವರು ಅದನ್ನು ಓದಿಕೊಂಡೇ ಬರಬೇಕು. ನಿಮ್ಮ ಊರಿನದು ಅಚ್ಚಿನಲ್ಲೇ ಸಿಕ್ಕರೆ ಅಷ್ಟು ಕೆಲಸ ಉಳಿಯಿತು.

ಎಲ್ಲ ಕಾಗದವೂ ಕೈಗೆ ಸಿಗುತ್ತದೆ ಎಂದು ಹೇಳುವಂತಿಲ್ಲ. ಒಂದು ಕಡೆ, ಎಲ್ಲಿ ಎಂದು ಹೇಳುವುದು ಬೇಡ, ನಾನು ಕೇಳಿದ ಕಟ್ಟಿನ ಚೀಟಿ ಹಾಗೇ ವಾಪಸು ಬಂತು. ಕಾಗದ ಹಪ್ಪಳವಾಗಿದೆ, ಮುಟ್ಟಿದರೆ ಪುಡಿಯಾಗುತ್ತದೆ, ಕೊಡಲಾಗುವುದಿಲ್ಲ. ಕೊಡದಿದ್ದದ್ದು ಸರಿಯೇ. ಆದರೆ ಆ ಕಟ್ಟಿನ ನಕಲೂ ಇಲ್ಲ, ಫೋಟೊ ತೆಗೆದದ್ದೂ ಇಲ್ಲ. ಯಾರೂ ಕೇಳದ ಕಟ್ಟಿನ ಸರದಿ ಕೊನೆಗೆ ಬರುತ್ತದೆ. ಇದು ಯಾವ ಸಂಸ್ಥೆಯ ದುರುದ್ದೇಶವೂ ಅಲ್ಲ. ತಮಿಳುನಾಡಿನಲ್ಲಿ ತಮಿಳಿಗೆ, ತೆಲಂಗಾಣದಲ್ಲಿ ತೆಲುಗು ಉರ್ದುವಿಗೆ ಓದುಗರು ಹೆಚ್ಚು. ಕನ್ನಡದ ಕಟ್ಟು ಬೇಕೆಂದು ಚೀಟಿ ಬರೆದುಕೊಡುವವರೇ ಅಪರೂಪವಾದರೆ ಮೊದಲು ಅದನ್ನೇ ಸ್ಕ್ಯಾನ್ ಮಾಡಿ ಎಂದು ಯಾವ ಬಾಯಲ್ಲಿ ಕೇಳುವುದು?

ಸರಿಯಾದ ಓದುಗ ಬಂದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನ ಉದಾಹರಣೆಯೇ ಸಾಕು. ಕೌಟಿಲ್ಯನ ಅರ್ಥಶಾಸ್ತ್ರ ನೂರಾರು ವರ್ಷ ಬರೀ ಹೆಸರಾಗಿತ್ತು. ಬೇರೆ ಗ್ರಂಥಗಳು ಅದನ್ನು ನೆನೆಯುತ್ತಿದ್ದವು, ಪುಸ್ತಕ ಕಂಡವರಿರಲಿಲ್ಲ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಂದು ಓಲೆಗರಿ ಕಟ್ಟು ತಂದು ಕೊಟ್ಟರು. ಗ್ರಂಥ ಲಿಪಿ. ಅಲ್ಲಿ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಕೂತು ಓದಿದರು. 1905ರಿಂದ ಅನುವಾದದ ಭಾಗಗಳು ಹೊರಬರತೊಡಗಿದವು, 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ. ಭಾರತೀಯರಿಗೆ ರಾಜ್ಯಶಾಸ್ತ್ರವೇ ಇರಲಿಲ್ಲ ಎನ್ನುತ್ತಿದ್ದವರ ಬಾಯಿ ಮುಚ್ಚಿತು. ಶಾಸ್ತ್ರಿಗಳು ಇದಕ್ಕಾಗಿ ಗುಹೆಗೆ ಇಳಿಯಲಿಲ್ಲ, ನಿಧಿ ಅಗೆಯಲಿಲ್ಲ. ತಮ್ಮದೇ ಗ್ರಂಥಾಲಯಕ್ಕೆ ಬಂದ ಕಟ್ಟನ್ನು ಬಿಚ್ಚಿ, ಪೂರ್ತಿ ಓದಿ, ಇದು ಏನೆಂದು ಗುರುತಿಸಿದರು. ತಮಿಳು ನಾಡಿನ ಕಟ್ಟಿಗೆ ಮೈಸೂರಿನಲ್ಲಿ ಓದುಗ ಸಿಕ್ಕಿದ.

ಪರವೂರಲ್ಲಿದ್ದು ಈ ಕೆಲಸ ಮಾಡಿದ ನಮ್ಮವರೂ ಇದ್ದಾರೆ. ಕವಿರಾಜಮಾರ್ಗವನ್ನು 1898ರಲ್ಲಿ ಮೊದಲು ಸಂಪಾದಿಸಿಕೊಟ್ಟ ಕೆ. ಬಿ. ಪಾಠಕರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದವರು. ಅದೇ ಕೃತಿಯ ಇನ್ನೊಂದು ಸಂಪಾದನೆ 1930ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಿಂದ ಬಂತು. ಕಿಟ್ಟೆಲ್ ನಿಘಂಟನ್ನು ಮರಿಯಪ್ಪ ಭಟ್ಟರು ಹಿಗ್ಗಿಸಿ ನಾಲ್ಕು ಸಂಪುಟ ಮಾಡಿದ್ದೂ ಇದೇ ವಿಶ್ವವಿದ್ಯಾಲಯದಲ್ಲಿ. ನನಗೆ ಎಲ್ಲರಿಗಿಂತ ಹತ್ತಿರದವರು ಎನ್ನಿಸುವುದು ಶ್ರೀನಿವಾಸ ಹಾವನೂರರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಗ್ರಂಥಪಾಲಕರಾಗಿದ್ದವರು. ಸುತ್ತ ಭೌತವಿಜ್ಞಾನಿಗಳು, ಗಣಿತಜ್ಞರು. ಹತ್ತೊಂಬತ್ತನೇ ಶತಮಾನದಲ್ಲಿ ಅಚ್ಚಾಗಿ ಎಲ್ಲೆಲ್ಲೋ ಮೂಲೆಗೆ ಬಿದ್ದಿದ್ದ ಕನ್ನಡದ ಪುಸ್ತಕ, ಪತ್ರಿಕೆ, ಪಠ್ಯಗಳನ್ನು ಒಂದೊಂದಾಗಿ ಹುಡುಕಿ ಅವರು ಬರೆದ 'ಹೊಸಗನ್ನಡದ ಅರುಣೋದಯ' ಇಲ್ಲದೆ ಆ ನೂರು ವರ್ಷದ ಬಗ್ಗೆ ಇಂದಿಗೂ ಯಾರೂ ಮಾತು ಶುರು ಮಾಡುವಂತಿಲ್ಲ. ನೌಕರಿ ಒಂದು ಕಡೆ, ಹುಡುಕಾಟ ಒಂದು ಕಡೆ.

ಶನಿವಾರ ಅರ್ಧ ದಿನ ಬಿಡುವಿದ್ದವರಿಗೆ ಎರಡು ಮಾತು. ಹೋಗುವ ಮೊದಲು ಆ ಸಂಸ್ಥೆ ಯಾವ ದಿನ ತೆರೆದಿರುತ್ತದೆ, ಪ್ರವೇಶಕ್ಕೆ ಏನೇನು ಕಾಗದ ಬೇಕು ಎಂದು ಫೋನು ಮಾಡಿ ಕೇಳಿ. ಪೆನ್ನು ಬೇಡ, ಪೆನ್ಸಿಲು ಒಯ್ಯಿರಿ. 'ಕರ್ನಾಟಕದ ಇತಿಹಾಸ' ಎಂದು ವಿಷಯ ಬರೆದುಕೊಟ್ಟರೆ ಕಪಾಟಿನವನು ನಿಮ್ಮ ಮುಖ ನೋಡುತ್ತಾನೆ, ಅಷ್ಟೆ. ಒಂದು ತಾಲ್ಲೂಕು, ಒಂದು ಹತ್ತು ವರ್ಷ, ಇಷ್ಟೇ ಹಿಡಿದು ಹೋಗಿ. ಸಿಕ್ಕದ್ದನ್ನು ಓದಲಾಗದಿದ್ದರೂ ಕಟ್ಟಿನ ಸಂಖ್ಯೆ, ಹಾಳೆಗಳ ಎಣಿಕೆ, ಮೊದಲ ಸಾಲು, ಕೊನೆಯ ಸಾಲು ಬರೆದುಕೊಂಡು ಬನ್ನಿ. ಓದುವವರನ್ನು ಆಮೇಲೆ ಹುಡುಕಬಹುದು. ಚೀಟಿಯಂತೂ ಬರೆದುಕೊಡಿ, ಕನ್ನಡದ ಕಟ್ಟಿಗೆ ಬೇಡಿಕೆ ಇದೆ ಎಂದು ಅವರ ವಹಿಯಲ್ಲಿ ಒಂದು ಸಾಲು ಏರಲಿ.

ಅಪ್ಪ ಈಗ ನನಗಾಗಿ ಒಂದು ಪಟ್ಟಿ ಮಾಡುತ್ತಿದ್ದಾರೆ. ಎಡಗಡೆ ಹರಪನಹಳ್ಳಿ ತಾಲ್ಲೂಕಿನ ಊರುಗಳ ಹೆಸರು, ಬಲಗಡೆ ಆ ಹೆಸರನ್ನು ಇಂಗ್ಲಿಷ್ ಗುಮಾಸ್ತ ಹೇಗೆಲ್ಲ ಕೇಳಿಸಿಕೊಂಡು ಬರೆದಿರಬಹುದು ಎಂಬ ಊಹೆ. ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡವನ ಹಾಗೆ ಹೆಸರನ್ನು ಗಟ್ಟಿಯಾಗಿ ಹೇಳಿ ನೋಡಿ, ಆಮೇಲೆ ಬರೆಯುತ್ತಾರಂತೆ. ತೆಲಿಗಿಗೆ ಮೂರು ರೂಪ ಬಂದಿವೆ. ಉಚ್ಚಂಗಿದುರ್ಗಕ್ಕೆ ಈವರೆಗೆ ಏಳು.